ಟೈಮಿಂಗಿಗೆ ಇಬ್ಬರು ಬೇಕು

ಡೀಸೆಲ್ ಹತ್ತಿದ ಕೈಯನ್ನು ಬೂದಿ ಹಚ್ಚಿ ಎಷ್ಟು ತಿಕ್ಕಿ ತೊಳೆದರೂ ಮುರಿದ ರೊಟ್ಟಿಗೆ ಆ ವಾಸನೆ ಅಂಟಿಕೊಂಡೇ ಬರುತ್ತದೆ. ಎಪ್ಪತ್ತರ ದಶಕದಲ್ಲಿ, ಅಗರಖೇಡದ ನಮ್ಮ ಹೊಲಕ್ಕೆ ಇನ್ನೂ ಕರೆಂಟು ಬಾರದಿದ್ದ ವರ್ಷಗಳಲ್ಲಿ, ನಾನು ಉಂಡ ಊಟವೆಲ್ಲ ಹಾಗೆಯೇ ಇತ್ತು. ಬಾವಿಯ ದಂಡೆಗೆ ನೀರೆತ್ತುವ ಒಂದು ಡೀಸೆಲ್ ಇಂಜಿನ್. ನನಗೂ ಅಣ್ಣನಿಗೂ ಹೊಲ ಪಾಲಾಗಿತ್ತು, ಎತ್ತು ಪಾಲಾಗಿದ್ದವು, ತೀರಿಹೋದ ಅವ್ವನ ಹಿತ್ತಾಳೆ ಕೊಡಗಳೂ ಪಾಲಾಗಿದ್ದವು. ಇಂಜಿನ್ನನ್ನು ಮಾತ್ರ ಒಡೆದು ಹಂಚಲಾಗದೆ ದಿನ ಬಿಟ್ಟು ದಿನ ಪಾಳಿ ಹಚ್ಚಿಕೊಂಡಿದ್ದೆವು. ಒಂದು ಬದುವಿನ ಜಗಳದಲ್ಲಿ ಮಾತು ನಿಂತುಹೋಗಿತ್ತು. ಹೇಳಲೇಬೇಕಾದದ್ದಿದ್ದರೆ ಅಣ್ಣನ ಹೆಂಡತಿ, ನಮ್ಮ ವೈನಿ, ಆಚೆ ಈಚೆ ದಾಟಿಸುತ್ತಿದ್ದರು.

ಮಾತಿಲ್ಲದಿರುವುದು ನೆಮ್ಮದಿಯಲ್ಲ, ನೋಡಿ. ಬಾವಿಗೆ ಹೋಗದಿದ್ದರೆ ಒಂದು ಚಡಪಡಿಕೆ, ಹೋದರೆ ಅಣ್ಣ ಬೆನ್ನು ತಿರುಗಿಸಿ ಕೂಡುತ್ತಾನೆಂಬ ಇನ್ನೊಂದು ಚಡಪಡಿಕೆ.

ಒಂದು ಬೇಸಗೆಯಲ್ಲಿ ಇಂಜಿನ್ ಹೊಗೆ ಕಾರಿ, ಏದುಸಿರು ಬಿಟ್ಟು ನಿಂತಿತು. ಸಿಲಿಂಡರಿಗೆ ಅಳತೆ ಹಿಡಿದು ಡೀಸೆಲ್ ಚಿಮ್ಮಿಸುವ ಪುಟ್ಟ ಪಂಪು ಒಳಗೆ ಸವೆದಿತ್ತು. ಅದನ್ನು ಬಿಚ್ಚಿ, ಧೂಳು ಹೋಗದಂತೆ ಅದರ ಬಾಯಿಗೆ ಬಟ್ಟೆ ಕಟ್ಟಿ, ಇಂಡಿ ಪಟ್ಟಣಕ್ಕೆ ಒಯ್ದು ರಿಪೇರಿ ಮಾಡಿಸಿ ತಂದೆ. ಆದರೆ ಮರಳಿ ಕೂಡಿಸಿದರಷ್ಟೇ ಮುಗಿಯುವುದಿಲ್ಲ, ಟೈಮಿಂಗ್ ಹಚ್ಚಬೇಕು. ಪಂಪು ಡೀಸೆಲ್ ತಳ್ಳುವ ಗಳಿಗೆಗೆ ಸರಿಯಾಗಿ ಚಕ್ರದ ಮೇಲಿನ ಗೆರೆ ತನ್ನ ಗುರುತಿಗೆ ಬರಬೇಕು. ಒಬ್ಬರು ಆ ಭಾರದ ಚಕ್ರವನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಬೇಕು, ಇನ್ನೊಬ್ಬರು ಪಂಪಿನ ಬಾಯಲ್ಲಿ ನಿಂತ ಡೀಸೆಲ್ ಮಿಸುಕಿದ ಕೂಡಲೇ ನಿಲ್ಲಿಸಬೇಕು. ಈ ಕೆಲಸ ಬಲ್ಲ ಮಿಸ್ತ್ರಿ ಸಿಂದಗಿ ಕಡೆ ಹೋಗಿದ್ದ. ಎರಡೂ ಪಾಲಿನ ನಿಂಬೆ ಸಸಿಗಳು ಬಾಡುತ್ತಿದ್ದವು. ಇನ್ನೊಂದು ಕೈ ಬೇಕೆಂದು ವೈನಿಗೆ ಹೇಳಿದೆ.

“ಮಾತು ದಾಟಿಸಿದಂಗ ಗಾಲಿ ತಿರುವಾಕ ನನ್ನ ಕೈಲೆ ಆಗೂದಿಲ್ಲ,” ಎಂದರು ವೈನಿ. “ನಿಮ್ಮಣ್ಣಾರನ್ನ ಕಳಸ್ತೇನಿ.”

ಅಣ್ಣ ಬಂದ. ನನ್ನ ಮುಖ ನೋಡದೆ ಚಕ್ರ ಹಿಡಿದ. ನಾನು ಪಂಪಿನ ಮೇಲೆ ಬಾಗಿದೆ. ಯಾರಾದರೂ ಮೊದಲು ಬಾಯಿ ಬಿಡಲೇಬೇಕಿತ್ತು.

“ತಿರುವು,” ಎಂದೆ. “ಸಾವಕಾಶ... ಇನ್ನ ಸ್ವಲ್ಪ... ನಿಲ್ಲಸು!”

“ದಾಟ್ತೇನು?”

“ದಾಟ್ತು. ಹಿಂದ ಒಯ್ದು ಮತ್ತ ತಾ.”

ಗೆರೆ ಗುರುತಿಗೆ ಬರುವ ಮೊದಲೇ ಡೀಸೆಲ್ ಮಿಸುಕುತ್ತಿತ್ತು. ತುಸು ತಡವಾಗಿ ತಳ್ಳಲೆಂದು ಪಂಪನ್ನು ಎತ್ತಿ ಬುಡಕ್ಕೊಂದು ತೆಳು ತಗಡು ಕೊಟ್ಟು, ಇಷ್ಟು ಸಾಕೆಂದು ಅಣ್ಣನಿಗೆ ಸನ್ನೆ ಮಾಡಿದೆ. ಅವನು ಹ್ಯಾಂಡಲ್ ಹಾಕಿ ತಿರುವಿದ. ಇಂಜಿನ್ ಒಮ್ಮೆ ಗುದ್ದಿ ಹಿಂದಕ್ಕೆ ಒದೆಯಿತು. ಹ್ಯಾಂಡಲ್ ಅವನ ಮುಂಗೈಗೆ ಬಡಿಯಿತು.

“ಅಣ್ಣಾ!” ಕೂಗಿದ ಮೇಲೆಯೇ ನನಗೆ ಗೊತ್ತಾದದ್ದು, ನಾನು ಕೂಗಿದೆನೆಂದು. ಓಡಿ ಅವನ ಕೈ ಹಿಡಿದಿದ್ದೆ.

“ಏನಾಗಿಲ್ಲ,” ಎಂದ, ಕೈ ಬಿಡಿಸಿಕೊಳ್ಳದೆ. “ಇನ್ನೊಂದು ತಗಡ ಹಾಕು.”

ಹಾಕಿದೆವು. ಗೆರೆಯೂ ಗುರುತೂ ಕೂಡಿದವು, ಇಂಜಿನ್ ಹದವಾಗಿ ಓಡಿತು, ಸಸಿಗಳಿಗೆ ನೀರಾಯಿತು. ಅವಸರ ಮಾಡಿದರೆ ಒದೆತ, ತಡ ಮಾಡಿದರೆ ಬರೀ ಹೊಗೆ ಎಂಬುದು ಆ ದಿನ ನನಗೆ ಚೆನ್ನಾಗಿ ತಿಳಿಯಿತು; ಆದರೆ ಮನುಷ್ಯರ ನಡುವೆ ಅದಕ್ಕೊಂದು ಗೆರೆ ಕೊರೆದಿಟ್ಟವರು ಯಾರು? ಕೆಲಸ ಮುಗಿದ ಮೇಲೆ ಅಣ್ಣ ಕೈ ಒರೆಸಿಕೊಂಡು ಹೋದ. ಮತ್ತೆ ಮಾತಾಡಲು ಕಾರಣವೇ ಉಳಿಯಲಿಲ್ಲ. ನನ್ನ ತಳಮಳ ಮೊದಲಿಗಿಂತ ಹೆಚ್ಚಾಯಿತು. ಯಾವುದಾದರೊಂದು ನಟ್ಟು ಸಡಿಲಾಗಬಾರದೇ ಎಂದು, ನಾಚಿಕೆಯಿಲ್ಲದೆ, ದಿನವೂ ಹಾರೈಸಿದೆ.

ಅಣ್ಣನ ಪಾಳಿಯ ಒಂದು ಮಧ್ಯಾಹ್ನ ಇಂಜಿನ್ ತಟ್ಟನೆ ನಿಂತಿತು. ನಟ್ಟು ಬಿಗಿಯುವ ಪಾನಾ ಹಿಡಿದು ಬಾವಿಗೆ ಓಡಿದೆ. ಟಾಕಿಯಲ್ಲಿ ಡೀಸೆಲ್ ಇತ್ತು, ಎಲ್ಲಿಯೂ ಸೋರಿರಲಿಲ್ಲ. ಅಣ್ಣ ಕಲ್ಲಿನ ಮೇಲೆ ಕೂತಿದ್ದ.

“ಏನಾಗೇತಿ?”

“ಏನೂ ಆಗಿಲ್ಲ.” ಚಕ್ರದ ಕಡೆ ನೋಡುತ್ತ ಹೇಳಿದ: “ನಿಂತ್ರ ನೀ ಓಡಿ ಬರ್ತಿ ಅಂತ, ನಾನ ಬಂದ್ ಮಾಡೇನಿ.”

ಪಾನಾ ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತೆ. ಅವನ ಸಾಲುಗಳಿಗೆ ಹರಿಯುತ್ತಿದ್ದ ನೀರು ನಿಂತುಹೋಗಿತ್ತು. ಸಂಜೆಯವರೆಗೂ ಇಬ್ಬರಿಗೂ ಅದು ನೆನಪಾಗಲಿಲ್ಲ.