ಛಲೋ ಇತ್ತು ಅನ್ನಬ್ಯಾಡ್ರಿ

ಅಕ್ಕೋರ ಬಲಗಿವಿಯ ಹಿಂದೆ ಸದಾ ಒಂದು ಬಿಳಿ ಗೆರೆ ಇರುತ್ತಿತ್ತು. ಸೀಮೆಸುಣ್ಣ ಹಿಡಿದ ಕೈಯಿಂದಲೇ ಮುಂಗೂದಲನ್ನು ಕಿವಿಯ ಹಿಂದಕ್ಕೆ ಸರಿಸುವ ಚಾಳಿ ಅವರದು. ರವಿವಾರ ತಲೆಗೆ ಎರೆದುಕೊಂಡಾಗ ಗೆರೆ ಹೋಗುವುದು, ಸೋಮವಾರ ಸಂಜೆ ಮತ್ತೆ ಹಾಜರು. ಸೆರಗಿನ ತುದಿಯಿಂದ ಅದನ್ನು ಒರೆಸಿಬಿಡಬೇಕೆಂದು ನನ್ನ ಕೈ ತುರಿಸುತ್ತಿತ್ತು. ಒಮ್ಮೆಯೂ ಒರೆಸಲಿಲ್ಲ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಅವರು ಬಾಡಿಗೆಗಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಅಮೀನಗಡ ದಾಟಿ ಹುನಗುಂದದ ಕಡೆಗಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ಅದಕ್ಕೇ ಎಲ್ಲರಿಗೂ ಅಕ್ಕೋರು. ನಮ್ಮವರನ್ನು ‘ಅಣ್ಣಾರ’ ಎನ್ನುತ್ತಿದ್ದುದರಿಂದ ನಾನು ‘ವೈನಿ’ ಆಗಿದ್ದೆ. ನನಗಿಂತ ದೊಡ್ಡವರು ನನ್ನನ್ನು ವೈನಿ ಎನ್ನುವುದು ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಮುಜುಗರಪಡಲು ಅದಕ್ಕಿಂತ ದೊಡ್ಡ ಕಾರಣಗಳನ್ನು ಅವರೇ ಒದಗಿಸಿದರು.

ಬಂದ ಹೊಸದರಲ್ಲೇ ಒಂದು ಬಟ್ಟಲು ಬದನೆಕಾಯಿ ಪಲ್ಯ ಕೆಳಗೆ ತಂದುಕೊಟ್ಟಿದ್ದರು. ಮರುದಿನ ಬಟ್ಟಲು ತಿರುಗಿ ಕೊಡುವಾಗ ನಾನು, ಎಲ್ಲರೂ ಹೇಳುವಂತೆ, “ಛಲೋ ಇತ್ರಿ ಅಕ್ಕೋರ” ಎಂದೆ.

“ಛಲೋ ಇತ್ತು ಅನ್ನಬ್ಯಾಡ್ರಿ ವೈನಿ. ಏನ್ ಕಡಿಮಿ ಇತ್ತು, ಅದನ್ನ ಹೇಳ್ರಿ.”

“ಏನೂ ಇಲ್ರಿ. ಎಲ್ಲಾ ಬರೋಬರಿ ಇತ್ತು.”

“ಉಪ್ಪು ಹೆಚ್ಚಾಗಿತ್ತು. ನನಗ ಗೊತ್ತೈತಿ. ನಿಮಗೂ ಗೊತ್ತೈತಿ. ಮತ್ಯಾಕ ಹೇಳವಲ್ರಿ?”

ಹೇಗೆ ಹೇಳಲಿ? ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ ಪಾಠ ಮುಗಿಸಿ ‘ಅರ್ಥವಾಯಿತೇ’ ಎಂದು ಕೇಳಿದರೆ ಇಡೀ ತರಗತಿ ಎದ್ದು ನಿಂತು ‘ಎಸ್ ಸಿಸ್ಟರ್’ ಎನ್ನುತ್ತಿದ್ದೆವು. ಅರ್ಥವಾಗಲಿ ಬಿಡಲಿ, ಹಾಗೆನ್ನುವುದು ಮರ್ಯಾದೆ. ಆ ಮರ್ಯಾದೆಯಿಂದಲೇ ಅತ್ತೆಯ ಮನೆ ನಡೆಸಿದೆ, ನೆಂಟರನ್ನು ಕಳಿಸಿದೆ. ಈ ಅಕ್ಕೋರು ಬಂದು ಬದನೆಕಾಯಿ ಪಲ್ಯದ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತು, ತಪ್ಪು ಹೇಳುವ ತನಕ ಕದಲುವುದಿಲ್ಲ ಎಂದರೆ ಏನು ಮಾಡಬೇಕು!

ಅವರು ಯಾಕೆ ಹೀಗೆ ಎನ್ನುವುದು ಆ ವರ್ಷದ ಹತ್ತನೇ ತರಗತಿಯ ರಿಸಲ್ಟ್ ಬಂದ ಮೇಲೆ ತಿಳಿಯಿತು. ಗಣಿತದಲ್ಲಿ ಬಹಳ ಮಕ್ಕಳು ಫೇಲಾಗಿದ್ದರು. ಅವರಲ್ಲಿ ಒಬ್ಬಳು ಕುರಿ ಕಾಯುವ ಮನೆತನದ ಹುಡುಗಿ. ಮೊದಲ ಬೆಂಚಿನಲ್ಲಿ ಕೂತು, ಅಕ್ಕೋರು “ತಿಳೀತೇನ?” ಎಂದಾಗಲೆಲ್ಲ ಎಲ್ಲರಿಗಿಂತ ಜೋರಾಗಿ “ಹೂಂರಿ” ಎನ್ನುತ್ತಿದ್ದವಳು. ಅಕ್ಕೋರು ಅವಳ ಮನೆಗೇ ಹೋದರು. ಹಟ್ಟಿಯ ಬಾಗಿಲಲ್ಲಿ ನಿಂತು ಕೇಳಿದರಂತೆ: “ಒಂದ ದಿನಾನಾದ್ರೂ ತಿಳೀಲಿಲ್ಲ ಅಂದಿದ್ರ ಮತ್ತ ಹೇಳ್ತಿದ್ನಲ್ಲವಾ. ಯಾಕ ಹೂಂ ಅಂದಿ?”

ಹುಡುಗಿ ನೆಲ ನೋಡುತ್ತ ಹೇಳಿತಂತೆ: “ಹೂಂ ಅಂದ್ರ ನೀವು ಭಾಳ ಖುಷಿ ಆಗ್ತಿದ್ರಿ, ಅದಕ್ಕರಿ.”

ಮಳೆಗಾಲ ಮುಗಿಯುವ ತನಕ ಅವಳು ಕುರಿ ಹಿಂಡಿನ ಜೊತೆ ಹೋಗುವುದೆಂದು ಅವಳ ಅಪ್ಪ ಆಗಲೇ ಗೊತ್ತುಮಾಡಿದ್ದ. ಆ ಸಂಜೆ ಅಕ್ಕೋರು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಕೊಟ್ಟ ಚಹಾ ಆರಲು ಬಿಟ್ಟರು. “ನನ್ನ ಖುಷಿಗೆ ಒಂದು ಹುಡುಗಿ ಫೇಲಾತು ವೈನಿ” ಎಂದರು. ಕನಿಕರವಾಯಿತು. ಕನಿಕರಪಟ್ಟಿದ್ದಕ್ಕೆ ಬೆಲೆ ತೆತ್ತವಳು ಮಾತ್ರ ನಾನು. ಯಾಕೆಂದರೆ ಅಂದಿನಿಂದ ನನ್ನ ಅಡುಗೆಮನೆಯೇ ಅವರ ಪ್ರಯೋಗಶಾಲೆಯಾಯಿತು.

ಮೊದಲು ಪಾಠವನ್ನು ನನ್ನ ಮೇಲೆ ಪರೀಕ್ಷಿಸಿದರು. ನಾನು ರೊಟ್ಟಿ ಬಡಿಯುವ ಕಡಪಾ ಕಲ್ಲಿನ ಮೇಲೆಯೇ ತ್ರಿಕೋನ ಬರೆದು, ನೀರಿನ ಟಾಕಿಯ ಎತ್ತರ ಅಳೆಯುವುದು ಹೇಗೆಂದು ಹೇಳುವರು. ಒಲೆಯ ಮೇಲಿನ ರೊಟ್ಟಿ ಕರಕಲಾಗುತ್ತಿದೆ, ನಾನು ತಲೆ ಆಡಿಸುತ್ತಿದ್ದೇನೆ.

“ತಲಿ ಯಾಕ ಆಡಸ್ತೀರಿ? ಕೋನ ಎಲ್ಲೈತಿ ತೋರಸ್ರಿ.”

ನಾನು ಎಲ್ಲೋ ಒಂದು ಕಡೆ ಬೆರಳಿಟ್ಟೆ.

“ಅದು ಹಿಟ್ಟು ವೈನಿ.”

ನಮ್ಮವರು ಪಡಸಾಲೆಯಲ್ಲಿ ಪೇಪರಿನ ಹಿಂದೆ ನಕ್ಕಿದ್ದು ಕೇಳಿಸಿತು. ರಾತ್ರಿ ಊಟಕ್ಕೆ ಕರಕಲು ರೊಟ್ಟಿಯನ್ನು ಅವರ ತಾಟಿಗೇ ಹಾಕಿದೆ.

ಆಮೇಲೆ ನನ್ನ ಉಪ್ಪಿನಕಾಯಿ ಭರಣಿ ಹೋಯಿತು. ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಕೈ ಎತ್ತುವುದಿಲ್ಲ, ಪಕ್ಕದವರು ನಗುತ್ತಾರೆಂಬ ಅಂಜಿಕೆ. ಅದಕ್ಕೆ ಅಕ್ಕೋರು ಹೂಡಿದ ಉಪಾಯ ಇದು: ಪ್ರತಿ ಮಗುವಿನ ಕೈಗೆ ಒಂದು ಕಡಲೆಕಾಳು, ಒಂದು ಹುಣಸೆಬೀಜ. ಪಾಠ ಮುಗಿದು ಹೊರಗೆ ಹೋಗುವಾಗ, ಅರಿವೆ ಮುಚ್ಚಿದ ಭರಣಿಯೊಳಗೆ ಕೈ ಹಾಕಿ, ತಿಳಿದಿದ್ದರೆ ಕಡಲೆ, ತಿಳಿಯದಿದ್ದರೆ ಹುಣಸೆಬೀಜ ಬಿಡಬೇಕು. ಯಾರು ಏನು ಬಿಟ್ಟರೆಂದು ಯಾರಿಗೂ ಕಾಣುವುದಿಲ್ಲ. ಸಂಜೆ ಮನೆಗೆ ಬಂದು ಭರಣಿಯನ್ನು ನಾನು ಹಿಟ್ಟು ನಾದುವ ಪರಾತದಲ್ಲಿ ಸುರುವಿ ಬೇರೆ ಬೇರೆ ಮಾಡುವರು. ಹುಣಸೆಬೀಜ ಹೆಚ್ಚಿದ್ದರೆ ಮರುದಿನ ಅದೇ ಪಾಠ ಬೇರೆ ರೀತಿಯಲ್ಲಿ.

ಭರಣಿ ನನ್ನದು, ಪರಾತ ನನ್ನದು, ಕಡಲೆ ನನ್ನದು. ಸಂಜೆ ಬಸ್ಸಿಳಿದು ಬರುವಾಗ ಅಕ್ಕೋರ ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ ಕಂಡರೆ, ಮತ್ತೇನೋ ನನ್ನ ಮನೆಯಿಂದ ಹೋಗಿದೆ ಎಂದೇ ಲೆಕ್ಕ. ಆ ವರ್ಷ ನಾವು ತಿಂದಷ್ಟು ಕರದಂಟು ಯಾರೂ ತಿಂದಿರಲಿಕ್ಕಿಲ್ಲ.

ಒಂದು ದಿನ ಕಡಲೆಯನ್ನೆಲ್ಲ ನಾನು ಉಸಳಿಗೆ ನೆನೆಹಾಕಿದ್ದೆ. ಬೆಳಿಗ್ಗೆ ಡಬ್ಬಿ ಖಾಲಿ ಇದ್ದುದು ನೋಡಿ ಅಕ್ಕೋರು, ಬಸ್ಸಿಗೆ ಹೊತ್ತಾಯಿತೆಂದು ಪಕ್ಕದ ಡಬ್ಬಿಯ ಪುಟಾಣಿ, ಅಂದರೆ ಹುರಿಗಡಲೆ, ಸುರುವಿಕೊಂಡು ಹೋದರು.

ಸಂಜೆ ಪರಾತದ ತುಂಬ ಹುಣಸೆಬೀಜ. ಪುಟಾಣಿ ಒಂದೂ ಇಲ್ಲ.

“ಒಬ್ರಿಗೂ ತಿಳದಿಲ್ಲ ವೈನಿ. ಒಂದ ಕೂಸಿಗೂ.” ಅವರ ಮುಖ ನೋಡಲಾಗಲಿಲ್ಲ. ನಾನು ರೂಢಿಯಂತೆ, “ನೀವು ಛಲೋ ಹೇಳಿರ್ತೀರಿ ಬಿಡ್ರಿ” ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಮರುದಿನ ಅದೇ ಪಾಠ, ಮತ್ತೆ ಪುಟಾಣಿ, ಮತ್ತೆ ಬರೀ ಹುಣಸೆಬೀಜ. ಅದರ ಮರುದಿನವೂ ಅದೇ. ಹೆಡ್‌ಮಾಸ್ತರರು ಕರೆದು, “ಪೋರ್ಶನ್ ಮುಗಿಯೋದು ಯಾವಾಗ? ಇದು ಸಾಲಿನೋ, ಕಿರಾಣಿ ಅಂಗಡಿನೋ ಅಕ್ಕೋರ?” ಎಂದರಂತೆ. ಭರಣಿ ನಿಲ್ಲಿಸಬೇಕೆಂದು ಹುಕುಂ ಆಯಿತು. ಅಕ್ಕೋರು ಊಟ ಬಿಟ್ಟರು. ಮೇಲಿನ ಕೋಣೆಯಲ್ಲಿ ಅತ್ತಿಂದಿತ್ತ ತಿರುಗಾಡುವ ಸದ್ದು ನನ್ನ ತಲೆಯ ಮೇಲೆ. ನನಗೂ ಸಾಕುಸಾಕಾಗಿತ್ತು. ಮಕ್ಕಳು ಹೂಂ ಅಂದರೆ ಹೂಂ ಎಂದು ನಂಬಿ ಮನೆಗೆ ಬರುವ ಟೀಚರುಗಳು ಊರ ತುಂಬ ಇದ್ದಾರೆ, ನಮ್ಮ ಮಾಳಿಗೆಗೇ ಇವರು ಬರಬೇಕಾಗಿತ್ತೇ ಎಂದುಕೊಂಡೆ.

ಆ ವಾರದ ಕೊನೆಗೆ ಅಕ್ಕೋರು ಮೆಟ್ಟಿಲೇರದೆ ನೇರವಾಗಿ ನನ್ನ ಅಡುಗೆಮನೆಗೆ ಬಂದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾಗದು. ಕಣ್ಣಲ್ಲಿ ನೀರು, ಹೊಟ್ಟೆ ಹಿಡಿದುಕೊಂಡಿದ್ದರು.

ಫೇಲಾದ ಆ ಕುರಿಗಾಹಿ ಹುಡುಗಿಯ ತಂಗಿ ಈ ವರ್ಷ ಅದೇ ತರಗತಿಯಲ್ಲಿದ್ದಳು. ಅಕ್ಕೋರು ಮತ್ತೊಮ್ಮೆ ತ್ರಿಕೋನ ಬರೆಯಲು ಹಲಗೆಗೆ ತಿರುಗಿದ್ದೇ ಅವಳು ಎದ್ದು ನಿಂತಳಂತೆ.

“ಅಕ್ಕೋರ, ಸಾಕ್ರಿ! ಪುಟಾಣಿ ನಾವ ತಿಂದ್ವಿರಿ. ಎಲ್ಲಾರೂ ತಿಂದಾರ್ರಿ. ಕೈಯಾಗ ಬೀಜ ಒಂದ ಉಳೀತು, ಅದನ್ನ ಬಿಟ್ವಿರಿ.”

“ಹಂಗಾರ ಪಾಠ ತಿಳಿದಿತ್ತೇನ?”

“ಮೊದಲ್ನೇ ದಿನಾನ ತಿಳಿದಿತ್ರಿ. ನೀವು ಮತ್ತ ಮತ್ತ ಹೇಳಿ ಎಲ್ಲಾ ಕಲಸಿ ಗೊಜ್ಜು ಮಾಡಿಟ್ರಿ. ಈಗ ತಿಳೀವಲ್ದು.”

ಇಷ್ಟು ಹೇಳಿ ಅಕ್ಕೋರು ನನ್ನ ಭುಜ ಹಿಡಿದು ಅಲುಗಾಡಿಸಿದರು. “ಮಾರಿಗೆ ಹೊಡದಂಗ ಹೇಳಿತ್ರೀ ವೈನಿ! ಎದ್ದು ನಿಂತು ಹೇಳಿತು!” ಸರಕಾರ ಪ್ರಶಸ್ತಿ ಕೊಟ್ಟಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಅಂದಿನಿಂದ ಭರಣಿ ಬೇಕಾಗಲಿಲ್ಲ. ಒಬ್ಬಳು ಬಾಯಿ ಬಿಟ್ಟ ಮೇಲೆ ಉಳಿದವರೂ ಬಿಟ್ಟರು. ಆ ಹುಡುಗಿ ಪಾಸಾದಳು. ಅವಳ ಅಕ್ಕನೂ ಹಿಂಡಿನಿಂದ ತಿರುಗಿ ಬಂದು, ನಮ್ಮ ಮಾಳಿಗೆಯ ಮೇಲೆ ಕೂತು, ಬೇಕಾದಾಗಲೆಲ್ಲ “ತಿಳೀಲಿಲ್ರಿ” ಎಂದು ಕೂಗಿ, ಪರೀಕ್ಷೆ ಕಟ್ಟಿ ಪಾಸಾದಳು. ಭರಣಿ ಮಾತ್ರ ಬಾಯಿ ಒಡೆದು ನನ್ನ ಕೈಗೆ ಬಂತು. ಜೊತೆಗೆ ಕರದಂಟು.

ಹೋದ ವರ್ಷ ಅಕ್ಕೋರಿಗೆ ಹೊಟ್ಟೆನೋವು ಬಿಡದಾಯಿತು. ಕುಳಗೇರಿ ಕ್ರಾಸಿನಲ್ಲಿರುವ ಅವರ ತಮ್ಮನಿಗೆ ಹೇಳಿದ್ದೆವು. ಅವನು ಬಂದು ಮುಟ್ಟುವುದರೊಳಗೆ ದವಾಖಾನೆಯಲ್ಲಿ ಅವರ ಹೆಸರು ಕೂಗಿದರು. ನಾನೇ ಜೊತೆಗೆ ಹೋದೆ. ಡಾಕ್ಟರು ಅಕ್ಕೋರನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದು, ದವಾಖಾನೆಯ ಇಂಗ್ಲಿಷಿನಲ್ಲಿ ಸರಸರ ಹೇಳಿ, ಅರ್ಥವಾಯಿತಲ್ಲವೇ ಎಂದು ಕೇಳಿದರು. “ಎಸ್ ಡಾಕ್ಟರ್” ಎಂದೆ.

ಹೊರಗೆ ಬೆಂಚಿನ ಮೇಲೆ ಅಕ್ಕೋರು. ಕಿವಿಯ ಹಿಂದೆ ಬಿಳಿ ಗೆರೆ ಇರಲಿಲ್ಲ. ಅಂದು ರವಿವಾರವಲ್ಲ.

“ಏನಂದ್ರು?”

ನಾನು ಕೇಳಿದ ಶಬ್ದಗಳನ್ನೆಲ್ಲ ಒಪ್ಪಿಸಿದೆ. ಉಚ್ಚಾರ ಸರಿಯಾಗಿಯೇ ಇತ್ತು.

“ಇವು ಅವರ ಶಬ್ದ ವೈನಿ. ನಿಮಗೇನ್ ತಿಳೀತು?”

ನಾನು ಅದೇ ಶಬ್ದಗಳನ್ನು ಇನ್ನೊಮ್ಮೆ ಒಪ್ಪಿಸಿದೆ.

“ಹೋಗ್ರಿ ಒಳಗ. ತಿಳೀಲಿಲ್ಲ ಅಂತ ಹೇಳ್ರಿ.”

“ಮತ್ತ ಒಳಗ ಹೆಂಗ ಹೋಗ್ಲಿ ಅಕ್ಕೋರ? ಮಂದಿ ಕಾಯಾಕತ್ತಾರ. ಏನ್ ತಿಳ್ಕೋತಾರ ಡಾಕ್ಟರು?”

“ಹುಡುಗ್ರೂ ಇದನ್ನ ಅಂತಿದ್ವು” ಎಂದು ಗೋಡೆಗೆ ತಲೆ ಆನಿಸಿದರು.

ಸಿಟ್ಟು ಬಂತು. ನೋವಿನಲ್ಲೂ ಇವರಿಗೆ ಮಾಸ್ತರಿಕೆ ಬಿಡದು. ಆ ಸಿಟ್ಟಿನಲ್ಲೇ ಸರತಿ ತಪ್ಪಿಸಿ ಒಳಗೆ ಹೋಗಿ, ಜನ್ಮದಲ್ಲಿ ಮೊದಲ ಸಲ ಹೇಳಿದೆ: “ನನಗ ತಿಳೀಲಿಲ್ರಿ. ಇನ್ನೊಮ್ಮಿ ಹೇಳ್ರಿ. ಕನ್ನಡದಾಗ ಹೇಳ್ರಿ.” ಡಾಕ್ಟರು ಕನ್ನಡಕ ತೆಗೆದಿಟ್ಟು, ಕುರ್ಚಿ ತೋರಿಸಿ, ನಿಧಾನವಾಗಿ ಹೇಳಿದರು. ಔಷಧಿಯಿಂದ ನೋವು ತಗ್ಗೀತು, ರೋಗ ಹೋಗದು, ಹೆಚ್ಚು ದಿನ ಇಲ್ಲ. ಹೊರಗೆ ಬಂದು ಅಕ್ಕೋರಿಗೆ ಹಾಗೆಯೇ ಹೇಳಿದೆ. ಉಪ್ಪು ಕಡಿಮೆ ಮಾಡಲಿಲ್ಲ.

“ಈಗ ತಿಳೀತು” ಎಂದರು. ನನ್ನ ಕೈಯನ್ನು ಮಾತ್ರ ಬಸ್‌ಸ್ಟ್ಯಾಂಡಿನ ತನಕ ಬಿಡಲಿಲ್ಲ.

ತಮ್ಮ ಕರೆದರೂ ಹೋಗದೆ ಮಾಳಿಗೆಯ ಮೇಲೆಯೇ ಉಳಿದರು. ದನಿ ಪೂರ್ತಿ ಇಳಿದಿದ್ದ ಒಂದು ಮಧ್ಯಾಹ್ನ, ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ. “ವೈನಿ, ನಾ ಹೆಂಗಿದ್ನಿ? ಛಲೋ ಅಂತ ಅನ್ನಬ್ಯಾಡ್ರಿ” ಎಂದರು.

“ಭಾಳ ಕಾಡಿದ್ರಿ” ಎಂದೆ.

ಕಣ್ಣು ಅರಳಿತು. “ಎಲ್ಲೆಲ್ಲಿ?”

ಹೇಳಿದೆ. ರೊಟ್ಟಿ ಕರಕಲಾಗಿದ್ದು, ಭರಣಿ ಒಡೆದಿದ್ದು, ಡಬ್ಬಿಯ ಕಡಲೆ, ಪುಟಾಣಿ ಖಾಲಿ ಮಾಡಿದ್ದು, ತಲೆಯ ಮೇಲೆ ರಾತ್ರಿಯೆಲ್ಲ ತಿರುಗಾಡಿದ್ದು, ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದು. ಕಣ್ಣು ಮುಚ್ಚಿಕೊಂಡು, ಒಂದೊಂದಕ್ಕೂ ತಲೆ ಆಡಿಸುತ್ತ, ಮಕ್ಕಳ ಮಾತು ಕೇಳಿದಂತೆಯೇ ಕೇಳಿದರು. ನಾನು ನಿಲ್ಲಿಸಿದಾಗ, “ಇನ್ನ?” ಎಂದರು.

ಇನ್ನೊಂದಿತ್ತು. ಅದನ್ನು ಹೇಳುವ ಬದಲು ಸೆರಗಿನ ತುದಿ ಒದ್ದೆ ಮಾಡಿ, ಏನೂ ಇಲ್ಲದ ಅವರ ಬಲಗಿವಿಯ ಹಿಂದೆ ಒರೆಸಿದೆ. ಆ ವಾರದಲ್ಲೇ ಹೋಗಿಬಿಟ್ಟರು, ಪೂರ್ತಿ ಹೇಳಿಸಿಕೊಳ್ಳದೆಯೇ.