ಬೆಳಚಿನ ದಿಬ್ಬ ಮತ್ತು ಹಂಚುವ ಗುಂಡಿ

ಪಕ್ಕದ ಮನೆಯವರ ಸ್ಟೀಲ್ ಡಬ್ಬಿಯೊಂದು ನಾಲ್ಕು ದಿನದಿಂದ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತ್ತು. ಅದರಲ್ಲಿ ಬಂದ ಪತ್ರೊಡೆ ಬಂದ ದಿನವೇ ಮುಗಿದು, ಡಬ್ಬಿ ತೊಳೆದು ಬೋರಲು ಹಾಕಿಯೂ ಆಗಿತ್ತು. ಆದರೆ ಪರರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿ ಕಾರವಾರದ ನಮ್ಮ ಓಣಿಯಲ್ಲಿಲ್ಲವಾದ್ದರಿಂದ, ಏನು ಹಾಕಿ ಕೊಡುವುದೆಂಬ ಚಿಂತೆ ನನ್ನ ಹೆಂಡತಿಗೆ. ಕೊನೆಗೆ ಹಿತ್ತಲಿನ ಮರದ ಹುಳಿ ಬಿಂಬಲಕಾಯಿ ತುಂಬಿ ಕಳಿಸಿ ನಿಟ್ಟುಸಿರಿಟ್ಟಳು. ಹಂಚಿ ತಿನ್ನುವುದು ಅಂದುಕೊಂಡಷ್ಟು ಸುಲಭದ ಕೆಲಸವಲ್ಲ, ಸ್ನೇಹಿತರೇ. ಯಾರದ್ದು, ಯಾರಿಗೆ, ಎಷ್ಟು ಎಂಬ ನೂರು ಹೇಳದ ನಿಯಮಗಳು ಅದರ ಹಿಂದಿರುತ್ತವೆ. ಇಷ್ಟೆಲ್ಲ ತಿಳಿದವನಂತೆ ಮಾತಾಡುವ ನಾನೇ ಅದನ್ನು ಮರೆತು ಮೊಬೈಲಿನಲ್ಲಿ ಒತ್ತುವ ಒಂದು ಗುಂಡಿ ತಯಾರಿಸಿದೆ. ಅದರ ಕಥೆ ಹೇಳುತ್ತೇನೆ.

ನಾನು ಮಲ್ಲಾಪುರದ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕೈ ಕಟ್ಟಿ ಕೂರಲಾಗದ ಜಾಯಮಾನ. ವಿಡಿಯೋ ಪಾಠಗಳನ್ನು ನೋಡಿ ನೋಡಿ, ಎಡವುತ್ತ ಏಳುತ್ತ, ಮೊಬೈಲಿಗೆ ಒಂದು ಸಣ್ಣ ಆ್ಯಪ್ ಕಟ್ಟಿದೆ. ಇವತ್ತು ಯಾವ ಅಳಿವೆಯಲ್ಲಿ ನೀರು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಹೇಳುವುದಷ್ಟೇ ಅದರ ಕೆಲಸ. ಮೊದಲ ಬಳಕೆದಾರಳು ನನ್ನ ಅಕ್ಕ. ಅಂಕೋಲೆಯ ಆಚೆ ಮಂಜಗುಣಿಗೆ ಮದುವೆಯಾಗಿ ಹೋದ ಅವಳು, ನೀರಿಳಿದಾಗ ಗಂಗಾವಳಿಯ ಅಳಿವೆಗೆ ಇಳಿದು, ಮರಳು ಕೆದಕಿ ಬೆಳಚು ಎಂಬ ಚಿಪ್ಪುಮೀನು ಆರಿಸುವವಳು. ಜೊತೆಗೆ ಐವರು ಹೆಂಗಸರು. ಅವರಲ್ಲಿ ಹಿರಿಯಳು ಹೊನ್ನಮ್ಮ. ತಿಥಿ ನೋಡಿಯೇ ನೀರಿನ ಹೊತ್ತು ಹೇಳಬಲ್ಲ ಆ ಹೆಂಗಸರಿಗೆ ನನ್ನ ಆ್ಯಪಿನ ಅಗತ್ಯ ಕಿಂಚಿತ್ತೂ ಇರಲಿಲ್ಲ. ಆದರೂ ಅಕ್ಕ ಅದನ್ನು ಊರಿಗೆಲ್ಲ ತೋರಿಸಿ, "ನನ್ನ ತಮ್ಮ ಮಾಡಿದ್ದು" ಎಂದು ಬೀಗುತ್ತಿದ್ದಳು. ತಮ್ಮನ ಮೇಲಿನ ಪ್ರೀತಿಗೆ ಪಂಚಾಂಗ ಬೇಕೇ?

ಅರ್ಗಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ್ಯಪ್ ನೋಡಿ ಫೋನು ಮಾಡಿದಳು. "ಸರ್, ಚಲೋ ಉಂಟು. ಆದ್ರೆ ಶೇರ್ ಮಾಡೂಕೆ ಎಂತದೂ ಇಲ್ವಲ್ಲ?"

ಆ ಮಾತು ಮನಸ್ಸಿಗೆ ನಾಟಿತು. ಒಂದು ವಾರ ಕೂತು ಹಂಚುವ ಗುಂಡಿಯನ್ನು ಜೋಡಿಸಿದೆ. ಒತ್ತಿದರೆ ಸಾಕು, ಆ್ಯಪಿನಲ್ಲೇ ತೆಗೆದ ಫೋಟೋ ವಾಟ್ಸಾಪಿಗೋ ಫೇಸ್‌ಬುಕ್ಕಿಗೋ ಹಾರುತ್ತಿತ್ತು. ಬರಿಯ ಫೋಟೋ ಕಳಿಸಿ ಸುಮ್ಮನಿದ್ದರೆ ನಾನು ಮೇಷ್ಟರಾಗಿದ್ದಾದರೂ ಯಾಕೆ? ಉತ್ತರ ಸರಿಯಿದ್ದರೂ ಮೀಟರೋ ಲೀಟರೋ ಎಂದು ಬರೆಯದವರ ಅಂಕ ಕಡಿಯುತ್ತಿದ್ದವನು ನಾನು. ಹೊತ್ತು, ಜಾಗ ಹೇಳದ ಫೋಟೋ ನನ್ನ ಕಣ್ಣಿಗೆ ಅರೆಬರೆ ಉತ್ತರದಂತೆ ಕಂಡಿತು. ಆದ್ದರಿಂದ ಮುಂದಿನ ಒಂದು ವಾರದ ನೀರಿಳಿಯುವ ವೇಳೆಯೂ ಫೋಟೋ ತೆಗೆದ ಜಾಗದ ನಕ್ಷೆಯೂ ತಾವಾಗಿಯೇ ಅದರ ಬೆನ್ನಿಗೆ ಅಂಟಿಕೊಂಡು ಹೋಗುವಂತೆ ಮಾಡಿದೆ. ಹಾಗೆ ಹೋಗುತ್ತದೆಂದು ಅಕ್ಕನಿಗೆ ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಅಕ್ಕ ಒಂದು ಬೆಳಿಗ್ಗೆ, ನೀರಿಳಿದಾಗ ಅಳಿವೆಯಲ್ಲಿ ಮೇಲೇಳುವ ಮರಳು ದಿಬ್ಬದ ಮೇಲೆ ನಿಂತು, ಬುಟ್ಟಿ ತುಂಬ ಬೆಳಚಿನ ಫೋಟೋ ತೆಗೆದು, ಗುಂಡಿ ಒತ್ತಿ ನಮ್ಮ ಕುಟುಂಬದ ಗುಂಪಿಗೆ ಹಾಕಿದಳು. ಹೃದಯದ ಚಿಹ್ನೆಗಳು ಸುರಿದವು. ಯಾರೋ ಅದನ್ನು ಇನ್ಯಾರಿಗೋ ಕಳಿಸಿದರು, ಅವರು ಮತ್ತೊಬ್ಬರಿಗೆ. ಮುಂದಿನ ಭಾನುವಾರ ನೀರಿಳಿಯುವ ಹೊತ್ತಿಗೆ ಸರಿಯಾಗಿ ಎರಡು ಟೆಂಪೋ ಜನ ಅಳಿವೆಯ ದಡದಲ್ಲಿ ಇಳಿದರು. ಕೆಟ್ಟವರೇನಲ್ಲ, ಮಕ್ಕಳು ಮರಿಗಳೊಂದಿಗೆ ರಜೆಯ ಖುಷಿಗೆ ಬಂದವರು. ಆದರೆ ಹೆಬ್ಬೆರಳಿನ ಉಗುರಿಗಿಂತ ಸಣ್ಣದನ್ನು ಮರಳಿಗೇ ಬಿಡಬೇಕು, ಒಬ್ಬರಿಗೆ ಒಂದೇ ಬುಟ್ಟಿ, ಕಾಯಿಲೆಯಾಗಿ ಮನೆಯಲ್ಲಿ ಮಲಗಿದವರ ಪಾಲಿಗೆ ಪ್ರತಿ ಬುಟ್ಟಿಯಿಂದ ಒಂದೊಂದು ಬೊಗಸೆ ಎಂಬ ಕಟ್ಟಳೆಗಳು ಅವರಿಗೆ ಹೇಗೆ ಗೊತ್ತಾಗಬೇಕು? ಗುದ್ದಲಿ ಹಾಕಿ ಅಗೆದರು, ಚೀಲ ತುಂಬಿದರು. ಇದನ್ನು ತಡೆಯಲು ಬಂದ ಹೊನ್ನಮ್ಮನ ಮುಂದೆ ಒಬ್ಬರು ಮೊಬೈಲು ಹಿಡಿದು, ನಿಮ್ಮೂರಿನವರೇ ಕರೆದದ್ದಲ್ಲವೇ ಎಂದರಂತೆ. ಪರದೆಯ ಮೇಲೆ ಅಕ್ಕನ ಬುಟ್ಟಿಯಿತ್ತು, ಕೆಳಗೆ ನನ್ನ ನಕ್ಷೆ.

ಆ ಹೆಂಗಸರಲ್ಲಿ ಒಂದು ರೂಢಿಯಿದೆ. ನೀರು ಇಳಿಯತೊಡಗಿದೊಡನೆ ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಕೂಗು ಹೋಗುತ್ತದೆ: "ನೀರು ಇಳೀತು, ಬತ್ಯೇನೇ?" ಕೂಗು ಬಂದ ಮನೆಯವಳು ಬುಟ್ಟಿ ಹಿಡಿದು ಹೊರಡುತ್ತಾಳೆ. ಆ ಭಾನುವಾರದ ಮೇಲೆ ಅಕ್ಕನ ಮನೆಗೆ ಕೂಗು ಬರಲಿಲ್ಲ. ಯಾರೂ ಜಗಳ ಕಾಯಲಿಲ್ಲ, ಬೈಯಲಿಲ್ಲ. ಸುಮ್ಮನೆ ಅವಳ ಅಂಗಳವನ್ನು ದಾಟಿಕೊಂಡು ಹೋದರು.

"ತಮಾ, ನಾಕು ದಿನ ಆತು," ಎಂದು ಫೋನಿನಲ್ಲಿ ಹೇಳಿದಳು. "ಜಗಲೀಲಿ ಬುಟ್ಟಿ ಇಟ್ಕಂಡು ಕೂತೇ ಇರ್ತೆ. ಯಾರೂ ಕರೀಲಿಲ್ಲ."

ಅವಳು ನನ್ನನ್ನು ಒಂದು ಮಾತೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ಮದುವೆಯಾಗಿ ಆ ಊರಿಗೆ ಹೋದ ವರ್ಷದಿಂದ ಈ ಕೂಗೇ ಅವಳಿಗೆ ಅಲ್ಲಿ ತವರಿನಷ್ಟು ಆಪ್ತವಾದದ್ದು. ಅದನ್ನು ನಾನು ಒಂದು ಬೆರಳಿನಷ್ಟಗಲದ ಗುಂಡಿಯಿಂದ ಅಳಿಸಿಹಾಕಿದ್ದೆ. ನನಗೆ ತುಂಬ ನಾಚಿಕೆಯಾಯಿತು.

ಫೋನು ಇಟ್ಟವನೇ ನಕ್ಷೆ ಕಳಿಸುವ ಸಾಲುಗಳನ್ನು ಅಳಿಸಿದೆ. ಎರಡೇ ನಿಮಿಷದ ಕೆಲಸ. ಆದರೆ ಹೋದದ್ದನ್ನು ಮರಳಿ ತರುವ ಗುಂಡಿ ಯಾವ ಪಾಠದಲ್ಲೂ ಸಿಗಲಿಲ್ಲ. ಯೋಚಿಸುತ್ತ ಕೂತೆ. ಒಂದು ಕಡುಬನ್ನು ಮುರಿದು ಕೊಟ್ಟರೆ ನನ್ನ ತಟ್ಟೆಯಲ್ಲಿ ಅರ್ಧ ಕಡಿಮೆಯಾಗುತ್ತದೆ. ಆ ಕೊರತೆಯೇ ಕೊಡುವವನ ಕೈಯನ್ನು ಒಂದು ಕ್ಷಣ ತಡೆದು, ವಿವೇಕ ಕಲಿಸುತ್ತದೆ. ಮೊಬೈಲಿನಲ್ಲಿ ಹಂಚಿದರೆ ನಮ್ಮಲ್ಲಿದ್ದದ್ದು ನಮ್ಮಲ್ಲೇ ಉಳಿಯುತ್ತದೆ, ಏನೂ ಕಳೆಯಲಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ಕಳೆಯುವುದು ಕಳೆದೇ ಇರುತ್ತದೆ, ಬೇರೆ ಯಾರದೋ ತಟ್ಟೆಯಿಂದ.

ಮರುದಿನ ಅಂಕೋಲೆಯಲ್ಲಿ ಬಸ್ಸು ಬದಲಿಸಿ ಮಂಜಗುಣಿಗೆ ಹೋದೆ. ಅಕ್ಕನ ಮನೆಗೂ ಹೋಗದೆ ನೇರವಾಗಿ ಹೊನ್ನಮ್ಮನ ಅಂಗಳಕ್ಕೆ ನಡೆದೆ. ಅವಳು ಮೀನು ಹೆಚ್ಚುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಬೇಡವೆಂದರೂ ಬಾಯಿಗೆ ಲೊಕೇಶನ್ನು, ಡೇಟಾ ಎಂಬ ಮಾತುಗಳೇ ಬರುತ್ತಿದ್ದವು. ಅವಳು ಮೆಟ್ಟುಗತ್ತಿಯಿಂದ ಕೈ ತೆಗೆಯದೆ ಕೇಳಿಸಿಕೊಂಡಳು.

"ಫಟ ಹಾಕೂದು ತಪ್ಪಲ್ಲ ತಮಾ," ಎಂದಳು. "ಬೆಳಚು ಚಂದ ಉಂಟು, ನಾಕು ಜನ ನೋಡ್ಲಿ. ಆದ್ರೆ ಜಾಗ ನಿಂದಲ್ಲ. ನಿಂದಲ್ಲದ್ದನ್ನ ನೀ ಹೆಂಗೆ ಕೊಟ್ಟೆ?"

ಕೈಯಲ್ಲಿದ್ದ ಮೊಬೈಲನ್ನು ಜೇಬಿಗೆ ಹಾಕಿ, ನಾನು ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತೆ.

"ನಿನ್ನ ಅಕ್ಕಂಗೆ ಗೊತ್ತಿತ್ತಾ, ಜಾಗವೂ ಸಂಗಡ ಹೋಗ್ತದೆ ಅಂತ?"

"ಇಲ್ಲ. ನಾ ಹೇಳಿರ್ಲಿಲ್ಲ."

ಅವಳು ಹೆಚ್ಚಿದ ತುಂಡುಗಳನ್ನು ಪಾತ್ರೆಗೆ ಸರಿಸಿದಳು. "ಇದ್ನ ಅವ್ಳು ಬಾಯಿ ಬಿಟ್ಟು ಹೇಳ್ಲಿಲ್ಲ ನೋಡು. ನಿನ್ನ ಹೆಸ್ರು ಬಪ್ಪೂದು ಬ್ಯಾಡ ಅಂತ," ಎಂದು ಮತ್ತೆ ಹೆಚ್ಚತೊಡಗಿದಳು.

ಆ ರಾತ್ರಿ ಅಕ್ಕನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಅಂಗಳದಲ್ಲಿ ಹೊನ್ನಮ್ಮನ ದನಿ ಕೇಳಿತು: "ನೀರು ಇಳೀತು, ಬತ್ಯೇನೇ?" ಅಕ್ಕ ಕಪ್ಪನ್ನು ಅಲ್ಲೇ ಬಿಟ್ಟು ಎದ್ದಳು. ಜಗಲಿಯ ಬುಟ್ಟಿ ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕಿಳಿದಳು.

"ನೀನೂ ಬಾರೋ ತಮಾ," ಎಂದಳು ಹೊನ್ನಮ್ಮ. "ಗುಂಡಿ ಒತ್ತೂ ಬೆರಳಿಗೆ ಒಂದಿನ ಕೆಸರೂ ತಾಗ್ಲಿ."

ಪಂಚೆ ಮೇಲಕ್ಕೆ ಕಟ್ಟಿ ಅವರ ಹಿಂದೆ ನಡೆದೆ. ಹಳೆಯ ದಿಬ್ಬಕ್ಕೆ ಯಾರೂ ಹೋಗಲಿಲ್ಲ. ಸಣ್ಣವು ಬೆಳೆಯುವತನಕ ಅದನ್ನು ಮುಟ್ಟುವುದಿಲ್ಲವೆಂದು ತೀರ್ಮಾನಿಸಿದ್ದರು. ಮೊಣಕಾಲು ನೀರಿನಲ್ಲಿ ಬಹಳ ದೂರ ನಡೆದು ಇನ್ನೊಂದು ದಿಬ್ಬ ಮುಟ್ಟಿದೆವು. ನನ್ನ ನಕ್ಷೆಯಲ್ಲಿ ಅಲ್ಲಿ ಬರಿಯ ನೀಲಿ ಬಣ್ಣವಿದೆ. ಹೆಂಗಸರು ಆ ದಿಬ್ಬಕ್ಕೆ ತಮ್ಮಲ್ಲೇ ಒಂದು ಹೆಸರಿಟ್ಟುಕೊಂಡಿದ್ದಾರೆ. ಅವರ ಅತ್ತೆಯಂದಿರ ಕಾಲದಿಂದ ಬಂದದ್ದಂತೆ. ಮರಳಿಗೆ ಕೈ ಹಾಕುವ ಮೊದಲು ಹೊನ್ನಮ್ಮ ಅದನ್ನು ನನಗೆ ಹೇಳಿದಳು. ಅಕ್ಕ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದಳು.

ಚಿಕ್ಕ ಹೆಸರು, ತುಸು ತಮಾಷೆಯದು. ಕೇಳಿದರೆ ನೀವೂ ನಕ್ಕುಬಿಡುತ್ತೀರಿ. ಇಷ್ಟು ಹೊತ್ತು ನಿಮ್ಮಿಂದ ಏನನ್ನೂ ಮುಚ್ಚಿಡದೆ ಮಾತಾಡಿದ್ದೇನೆ. ಆ ಹೆಸರನ್ನು ಮಾತ್ರ ಕೇಳಬೇಡಿ. ಅದು ನನ್ನದಲ್ಲ.