ಸುಭಾಷಿಣಿ ಟೀಚರ್ ಕೊಟ್ಟ ಅಂಕಗಳು

ನನ್ನ ದೊಡ್ಡಮ್ಮ ಸುಭಾಷಿಣಿ ಟೀಚರ್ ಕಾರ್ಕಳದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದರು. ಆದರೆ ಜನ ಅವರನ್ನು ನೆನಪಿಟ್ಟುಕೊಂಡಿರುವುದು ಪಾಠಕ್ಕಲ್ಲ, ಭಾಷಣ ಸ್ಪರ್ಧೆಗಳ ತೀರ್ಪಿಗೆ. ಕಾಪುವಿನಿಂದ ಕಾರ್ಕಳದವರೆಗೆ ಯಾವ ಸಂಘದ ವಾರ್ಷಿಕೋತ್ಸವವೇ ಇರಲಿ, ಮಕ್ಕಳ ಭಾಷಣ ಸ್ಪರ್ಧೆ ಉಂಟೆಂದರೆ ಮೂವರು ತೀರ್ಪುಗಾರರಲ್ಲಿ ಇವರೊಬ್ಬರು. ವಿಷಯಕ್ಕೆ ಹತ್ತು ಅಂಕ, ನಿರೂಪಣೆಗೆ ಹತ್ತು, ಹಾವಭಾವಕ್ಕೆ ಐದು, ಸಮಯಪಾಲನೆಗೆ ಐದು. ಸಮಯ ಮೀರಿದರೆ ಎದುರಿಗಿದ್ದ ಸ್ಟೀಲ್ ಲೋಟಕ್ಕೆ ಪೆನ್ನಿನಿಂದ ಟಣ್ ಟಣ್ ಎಂದು ಬಡಿಯುತ್ತಿದ್ದರು. ಆ ಸದ್ದಿಗೆ ಎಷ್ಟೋ ಮಕ್ಕಳು ವಂದನೆ ಹೇಳುವುದನ್ನೂ ಮರೆತು ವೇದಿಕೆಯಿಂದ ಇಳಿದಿದ್ದಾರೆ. ನಾನೂ ಇಳಿದಿದ್ದೇನೆ. ಏಳನೆಯ ತರಗತಿಯಲ್ಲಿ ಸ್ವಂತ ದೊಡ್ಡಮ್ಮನಿಂದ ನನಗೆ ಸಿಕ್ಕಿದ್ದು ಸಮಾಧಾನಕರ ಬಹುಮಾನ, ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿ. ನನಗೆ ಇಪ್ಪತ್ತೇಳು ವರ್ಷವಾಯಿತು, ಸಮಾಧಾನ ಇನ್ನೂ ಆಗಿಲ್ಲ.

ದೊಡ್ಡಪ್ಪ ಮಧ್ವರಾಜರದ್ದು ಇದಕ್ಕೆ ತದ್ವಿರುದ್ಧ ಸ್ವಭಾವ. ಅವರು ವಿಮೆ ಏಜೆಂಟ್. ಪಡುಬಿದ್ರಿ, ನಂದಿಕೂರು ಕಡೆಯಲ್ಲಿ ಅವರು ಜಗಲಿಯ ಮೇಲೆ ಕೂತು ಒಂದು ಗಂಟೆ ಮಾತಾಡದ ಮನೆ ಇಲ್ಲ. ಮಾತಿಗೆ ಸೋತೇ ಜನ ಪಾಲಿಸಿ ಮಾಡಿಸುತ್ತಿದ್ದರು. ಮಾಡಿಸದಿದ್ದರೆ ಇನ್ನೂ ಒಂದು ಗಂಟೆ ಕೂರುತ್ತಾರೆಂಬ ಹೆದರಿಕೆಯೂ ಇತ್ತು ಅನ್ನಿ. ಮನೆಯಲ್ಲಿಯೂ ಅಷ್ಟೇ. ಊಟದ ಮಧ್ಯೆ ಅವರ ಕತೆ ಉದ್ದವಾದರೆ ದೊಡ್ಡಮ್ಮ ಲೋಟಕ್ಕೆ ಟಣ್ ಎಂದು ಬಡಿಯುವರು. ದೊಡ್ಡಪ್ಪ ನಗುತ್ತ, ಸ್ವರ ಒಂದಿಷ್ಟು ಏರಿಸಿ, ಅದೇ ಕತೆಯನ್ನು ಮುಂದುವರಿಸುವರು. ಮಕ್ಕಳಿಲ್ಲದ ಆ ಮನೆ ಹೀಗೆ ಗಲಗಲ ಎನ್ನುತ್ತಿತ್ತು. ಮಣಿಪಾಲದಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಪಿ.ಜಿ. ಹುಡುಕದೆ ಕುಂಜಿಬೆಟ್ಟಿನ ಅವರ ಮನೆಗೇ ಬಂದು ಸೇರಿಕೊಂಡೆ.

ಕಳೆದ ಜನವರಿಯಲ್ಲಿ ದೊಡ್ಡಪ್ಪನಿಗೆ ಸಣ್ಣ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸರಿಯಾಯಿತು, ಮಾತು ಮಾತ್ರ ಹೋಯಿತು. ಮೊದಲ ತಿಂಗಳು "ನೀರು", "ಸಾಕು", "ಬಾ" ಎಂದು ಒಂದೊಂದು ಶಬ್ದ ಹೊರಡುತ್ತಿತ್ತು. ಎರಡನೆಯ ತಿಂಗಳು ಅದು ಹೆಚ್ಚಾಗಬೇಕಿತ್ತು, ಕಡಿಮೆಯಾಯಿತು. ಮಣಿಪಾಲದಲ್ಲಿ ಸ್ಪೀಚ್ ಥೆರಪಿ ಮಾಡಿಸುವ ಶಾರ್ಲೆಟ್ ದೊಡ್ಡಮ್ಮನನ್ನೂ ನನ್ನನ್ನೂ ಹೊರಗೆ ಕರೆದು ಮಾತಾಡಿದಳು.

"ಟೀಚರ್, ಅಂಕಲ್‌ಗೆ ಮಾತು ಬರ್ತದೆ, ಇಲ್ಲಿ ನನ್ನ ಹತ್ತಿರ ಪ್ರಯತ್ನ ಮಾಡ್ತಾರೆ. ಮನೆಯಲ್ಲಿ ಯಾಕೋ ಬಿಟ್ಟುಬಿಟ್ಟಿದ್ದಾರೆ. ಮೊದಲ ಮೂರು ತಿಂಗಳು ತುಂಬ ಮುಖ್ಯ. ಅಷ್ಟರೊಳಗೆ ಒಂದು ಪೂರ್ತಿ ವಾಕ್ಯ ಅವರಾಗಿಯೇ ಹೇಳಬೇಕು."

"ನಾನೆಂತ ಮಾಡಬೇಕು, ಹೇಳು," ಎಂದರು ದೊಡ್ಡಮ್ಮ. ಅವರು ಯಾರ ಹತ್ತಿರವೂ ಹೀಗೆ ಕೇಳಿದ್ದನ್ನು ನಾನು ಕಂಡವಳಲ್ಲ.

"ಮೊಬೈಲಿನಲ್ಲಿ ಈಗ ಧೈರ್ಯ ತುಂಬುವ ಹಾಗೆ ಮಾತಾಡುವವರು ಎಷ್ಟೋ ಜನ ಇದ್ದಾರೆ. ಯಾರ ಮಾತು ಅಂಕಲ್‌ಗೆ ಖುಷಿ ಆಗ್ತದೆ ನೋಡಿ, ಅವರನ್ನು ಫಾಲೋ ಮಾಡಿ, ದಿನಾ ಕೇಳಿಸಿ. ಕೇಳಿ ಕೇಳಿ ತಾನೂ ಎಂತಾದರೂ ಹೇಳುವ ಅಂತ ಅನಿಸಬೇಕು ಅವರಿಗೆ."

ಪಾಪ, ಶಾರ್ಲೆಟ್‌ಗೆ ತಾನು ಯಾರ ಕೈಗೆ ಎಂಥ ಕೆಲಸ ಕೊಟ್ಟೆನೆಂದು ಗೊತ್ತಿರಲಿಲ್ಲ. ಅಂದೇ ಸಂಜೆ ದೊಡ್ಡಮ್ಮ ಇನ್ನೂರು ಪುಟದ ನೋಟ್‌ಬುಕ್ ತೆಗೆದು ಉದ್ದಕ್ಕೆ ಗೆರೆ ಎಳೆದರು. ಹೆಸರು, ವಿಷಯ, ನಿರೂಪಣೆ, ಹಾವಭಾವ, ಸಮಯಪಾಲನೆ, ಷರಾ. ನಾನು ಅವರ ಫೋನಿನಲ್ಲಿ ಖಾತೆ ತೆರೆದುಕೊಟ್ಟೆ. ದೊಡ್ಡಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಫೋನನ್ನು ಡಬ್ಬಿಗೆ ಒರಗಿಸಿ ಇಟ್ಟು, ನಾಡಿನ ಸಮಸ್ತ ವ್ಯಕ್ತಿತ್ವ ವಿಕಸನದ ಗುರುಗಳನ್ನು ಒಬ್ಬೊಬ್ಬರನ್ನಾಗಿ ವೇದಿಕೆಗೆ ಕರೆಯಲಾಯಿತು.

ಮೊದಲು ಬಂದವನು ಬೆಳಿಗ್ಗೆ ಐದಕ್ಕೆ ಎದ್ದರೆ ಬದುಕು ಬದಲಾಗುತ್ತದೆ ಎಂದ. "ನಾನು ನಲವತ್ತು ವರ್ಷದಿಂದ ನಾಲ್ಕೂವರೆಗೆ ಏಳುತ್ತೇನೆ, ಎಂತ ಬದಲಾಯಿತು?" ಎಂದು ದೊಡ್ಡಮ್ಮ ವಿಷಯಕ್ಕೆ ಎರಡು ಅಂಕ ಹಾಕಿದರು. ಇನ್ನೊಬ್ಬಳು, ನಿಮ್ಮನ್ನು ಕುಗ್ಗಿಸುವ ನೆಂಟರನ್ನೆಲ್ಲ ಬಿಟ್ಟುಬಿಡಿ ಎಂದಳು. "ಎಲ್ಲರನ್ನೂ ಬಿಟ್ಟರೆ ಇವಳ ಮದುವೆಗೆ ಬಡಿಸುವುದಕ್ಕೆ ಯಾರು ಬರ್ತಾರೆ?" ಮತ್ತೊಬ್ಬ ನಿಂತ ಕಾರಿನೊಳಗೆ ಕೂತು, ಸೀಟ್ ಬೆಲ್ಟ್ ಕಟ್ಟಿಕೊಂಡು, ನಿಲ್ಲದೆ ಮುನ್ನುಗ್ಗಿ ಎಂದು ಕೂಗಿದ. ಅವನಿಗೆ ಹಾವಭಾವದಲ್ಲಿ ಸೊನ್ನೆ. ದೊಡ್ಡಪ್ಪ ಗೋಡೆಯ ಕಡೆ ನೋಡುತ್ತಿದ್ದರು.

ಕಾಪು ಲೈಟ್‌ಹೌಸಿನ ಕೆಳಗೆ ನಿಂತು ಯಶಸ್ಸಿನ ಏಳು ಮೆಟ್ಟಿಲು ವಿವರಿಸುವ ಹರ್ಷಿತ್ ಎಂಬವನು ಬಂದಾಗ ಒಂದು ಅನಾಹುತವಾಯಿತು. ಕೆಳಗಿನ ಕಮೆಂಟಿನ ಜಾಗವನ್ನು ದೊಡ್ಡಮ್ಮ ಅಂಕಪಟ್ಟಿ ಎಂದೇ ತಿಳಿದಿದ್ದರು. ತಾನು ಬರೆದದ್ದು ಮಾತಾಡಿದವನಿಗೆ ಮಾತ್ರ ಮುಟ್ಟುತ್ತದೆ ಎಂದು ಅವರ ಲೆಕ್ಕ. "ವಿಷಯ ನಾಲ್ಕು, ನಿರೂಪಣೆ ಐದು, ಹಾವಭಾವ ಒಂದು, ಸಮಯಪಾಲನೆ ಸೊನ್ನೆ. ಏಳು ಮೆಟ್ಟಿಲು ಎಂದು ಹೇಳಿ ಐದಕ್ಕೇ ನಿಲ್ಲಿಸಿದ್ದೀ. ಉಳಿದೆರಡು ಎಲ್ಲಿ? ಕೈಯನ್ನು ಅಷ್ಟು ಬೀಸಬಾರದು, ಪಕ್ಕದವರಿಗೆ ತಾಗುತ್ತದೆ" ಎಂದು ಬರೆದರು. ಮರುದಿನ ಬೆಳಿಗ್ಗೆ ನೋಡಿದರೆ ಆರುನೂರು ಜನ ಅದಕ್ಕೆ ಲೈಕ್ ಒತ್ತಿದ್ದರು. ಹರ್ಷಿತ್ ಕೈಮುಗಿದ ಚಿತ್ರ ಹಾಕಿ, "ಟೀಚರ್, ನೀವಾ? ಎಂಟನೇ ಕ್ಲಾಸಿನಲ್ಲಿಯೂ ನನಗೆ ಇಷ್ಟೇ ಕೊಟ್ಟಿದ್ದಿರಿ" ಎಂದು ಬರೆದಿದ್ದ. ಇನ್ನು ಯಾರ್ಯಾರೋ ತಮ್ಮ ಗುರುಗಳಿಗೂ ಅಂಕ ಕೊಡಿ ಎಂದು ಬೇಡಿಕೊಳ್ಳತೊಡಗಿದರು. ದೊಡ್ಡಮ್ಮ ನಾಚಿ ಫೋನನ್ನು ಮಗುಚಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ತೆಗೆದು, ಲೈಕು ಎಷ್ಟಾಯಿತೆಂದು ನೋಡಿದರು.

ಮೂರು ವಾರ ಹೀಗೇ ಕಳೆಯಿತು. ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಹೆಸರಾಯಿತು, ಮೂವತ್ತರಲ್ಲಿ ಹದಿನೆಂಟು ದಾಟಿದವರು ಯಾರೂ ಇಲ್ಲ. ದೊಡ್ಡಪ್ಪನ ಬಾಯಿಂದ ಹೊರಟದ್ದು ನಾಲ್ಕೋ ಐದೋ ಶಬ್ದ. ಒಂದು ದಿನ ಪಾತ್ರೆ ತೊಳೆಯುತ್ತ ದೊಡ್ಡಮ್ಮ, "ಅನ್ವಿತಾ, ಅವರಿನ್ನು ಮಾತಾಡದಿದ್ದರೆ ಈ ಮನೆಯಲ್ಲಿ ನಾನು ಹೇಗಿರುವುದು?" ಎಂದರು. ಅವರು ತೊಳೆದಿಟ್ಟ ಪಾತ್ರೆಯನ್ನು ಒರೆಸುತ್ತ ನಿಂತೆ.

ಆಮೇಲೆ ಚೈತಾಲಿ ಸಿಕ್ಕಿದಳು. ನಾವೇನೂ ಹುಡುಕಿದ್ದಲ್ಲ, ಬೆರಳು ತಾಗಿ ತಾನಾಗಿ ಬಂದಳು. ಕುಕ್ಕುಂದೂರಿನವಳು, ಮೂವತ್ತೈದು ದಾಟಿದ ಹೆಂಗಸು. ಮೈದಾನದಲ್ಲಿ ಸ್ಕೂಟರ್ ಕಲಿಯುತ್ತಾಳೆ. ದಿನಕ್ಕೊಂದು ವಿಡಿಯೊ, ಮೊಣಕೈಗೆ ಬ್ಯಾಂಡೇಜು. "ಇವತ್ತು... ಎರಡು ಸಲ ಬಿದ್ದೆ," ಎಂದಳು. ಆಮೇಲೆ ಬಹಳ ಹೊತ್ತು ಸುಮ್ಮನಾದಳು. ಹಿಂದೆ ಎಲ್ಲಿಯೋ ನಾಯಿ ಬೊಗಳಿತು. "ಎಂತ ಹೇಳುವುದು ಮಾರಾಯ್ರೆ. ನಿನ್ನೆ ಮೂರು ಸಲ ಬಿದ್ದದ್ದು. ನಾಳೆ ಪುನಃ ನೋಡುವ." ಅಷ್ಟೇ, ಮುಗಿಯಿತು.

"ಪ್ರಾರಂಭ ಇಲ್ಲ, ಮುಕ್ತಾಯ ಇಲ್ಲ, ನಡುವೆ ಮಾತೇ ಇಲ್ಲ," ಎಂದು ದೊಡ್ಡಮ್ಮ ಮೂವತ್ತಕ್ಕೆ ಆರು ಹಾಕಿ ಮುಂದಿನದಕ್ಕೆ ಹೋಗುವುದರಲ್ಲಿದ್ದರು. ದೊಡ್ಡಪ್ಪ ಕೈ ಚಾಚಿ ಫೋನು ಹಿಡಿದುಕೊಂಡರು. ಮತ್ತೆ ಹಾಕು ಎಂದು ಬೆರಳಿನಿಂದ ತೋರಿಸಿದರು. ಅಂದು ಚೈತಾಲಿಯ ಹಳೆಯ ಬೀಳುವಿಕೆಗಳನ್ನೆಲ್ಲ, ಒಟ್ಟು ಹತ್ತೊಂಬತ್ತನ್ನು, ಒಂದೂ ಬಿಡದೆ ನೋಡಿದೆವು. ಅವಳು ನಿಂತಲ್ಲೆಲ್ಲ ದೊಡ್ಡಪ್ಪ ಕಾದರು, ಅವಳು ಹೇಳಿ ಮುಗಿಸಿದಾಗ ತಲೆಯಾಡಿಸಿದರು. ಅವಳನ್ನು ಫಾಲೋ ಮಾಡಿದ್ದು ನಾನೇ. ದೊಡ್ಡಮ್ಮ ಆರು ಅಂಕದವಳು ಗೆದ್ದದ್ದನ್ನು ಒಪ್ಪದ ಮುಖದಲ್ಲಿ ಕೂತಿದ್ದರು.

ಮರುವಾರ, ಒಂದು ಭಾನುವಾರ, ಚೈತಾಲಿ ಬೀಳದೆ ಮೈದಾನ ದಾಟಿ ರಸ್ತೆಗೆ ಬಂದ ವಿಡಿಯೊ ಹಾಕಿದಳು. ದೊಡ್ಡಪ್ಪನ ಮುಖ ಅರಳಿತು. ನಮ್ಮ ಕಡೆ ತಿರುಗಿ, "ಆ... ಹುಡುಗಿ..." ಎಂದರು. ಮುಂದಿನ ಶಬ್ದಕ್ಕಾಗಿ ಅವರು ತಡಕಾಡುತ್ತಿದ್ದುದು ಕಾಣುತ್ತಿತ್ತು. ತುಟಿ ಅಲುಗಿತು, ಹಣೆ ಗಂಟಾಯಿತು. ಹತ್ತು ಸೆಕೆಂಡ್, ಹದಿನೈದು ಸೆಕೆಂಡ್. ಆಗ ಟಣ್ ಎಂದು ಸಣ್ಣ ಸದ್ದಾಯಿತು. ದೊಡ್ಡಪ್ಪ ಬಾಯಿ ಮುಚ್ಚಿ ಫೋನಿನ ಕಡೆ ತಿರುಗಿದರು.

ನೋಡಿದರೆ ದೊಡ್ಡಮ್ಮನ ಬಲಗೈಯಲ್ಲಿ ಪೆನ್ನು, ಪಕ್ಕದಲ್ಲಿ ಕಾಫಿ ಲೋಟ. ಅವರಿಗೆ ತಾನು ಬಡಿದದ್ದೇ ಗೊತ್ತಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ದೊಡ್ಡಮ್ಮ, ನೀವು ಲೋಟಕ್ಕೆ ಬಡಿದಿರಿ."

"ನಾನಾ? ಯಾವಾಗ?"

"ಈಗ. ನಿನ್ನೆಯೂ ಬಡಿದಿರಿ. ಮೊನ್ನೆ ದೋಸೆ ತಿನ್ನುವಾಗಲೂ ಬಡಿದಿರಿ, ಆಗ ನನಗೆ ಹೊಳೆಯಲಿಲ್ಲ. ಮೊದಲು ಅವರಿಗೆ ಮುಂದುವರಿಸಲಿಕ್ಕೆ ಬರ್ತಿತ್ತು, ನಗ್ತಿದ್ದರು. ಈಗ ಸಮಯ ಮುಗಿಯಿತು ಅಂತ ಇಳಿದುಬಿಡ್ತಾರೆ."

ದೊಡ್ಡಮ್ಮ ಪೆನ್ನನ್ನು ನೋಡಿದರು, ಗಂಡನನ್ನು ನೋಡಿದರು. ದೊಡ್ಡಪ್ಪ ಕೈಯಾಡಿಸಿ, ಹಾಗೇನಿಲ್ಲ, ಬಿಡು ಎಂಬಂತೆ ನನಗೇ ಸುಮ್ಮನಿರಲು ಸನ್ನೆ ಮಾಡಿದರು. ಅದನ್ನು ನೋಡಿ ದೊಡ್ಡಮ್ಮನ ಕಣ್ಣು ತುಂಬಿತು. ಎದ್ದು ಒಳಗೆ ಹೋದವರು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ನನಗೂ ಬೇಸರವಾಯಿತು, ಆದರೆ ಹೇಳಿದ್ದಕ್ಕೆ ಪಶ್ಚಾತ್ತಾಪ ಆಗಲಿಲ್ಲ.

ಅಂದಿನಿಂದ ದೊಡ್ಡಮ್ಮ ಗಂಡನ ಎದುರು ಕೂರುವಾಗ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರತೊಡಗಿದರು. ನೋಟ್‌ಬುಕ್ ಕಪಾಟು ಸೇರಿತು. ಚೈತಾಲಿಯ ವಿಡಿಯೊದ ಕೆಳಗೆ ಅವರು ಬರೆದದ್ದು ಇಷ್ಟು: "ನಾಳೆಯೂ ಹಾಕು ಮಗಾ. ನಮ್ಮ ಮನೆಯವರು ಕಾಯುತ್ತಾರೆ." ಬಿಗಿದುಕೊಂಡು ಕೂರುವುದು ಅವರಿಗೆ ಎಷ್ಟು ಕಷ್ಟವಾಯಿತೆಂದರೆ, ಮೂರನೆಯ ದಿನ ಭುಜ ನೋವೆಂದು ನನ್ನಿಂದ ಎಣ್ಣೆ ಹಚ್ಚಿಸಿಕೊಂಡರು. ಸೋಮವಾರ ಶಾರ್ಲೆಟ್ ಹತ್ತಿರ ಹೋಗಬೇಕಿತ್ತು. ಮೂರು ತಿಂಗಳು ಅಂದಿಗೆ ಭರ್ತಿ. ಶನಿವಾರದವರೆಗೂ ದೊಡ್ಡಪ್ಪ ಒಂದೆರಡು ಶಬ್ದಕ್ಕೇ ನಿಂತಿದ್ದರು.

ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತೆವು. ಅನ್ನ, ಸಾರು, ಅಲಸಂಡೆ ಪಲ್ಯ. ಎರಡು ತುತ್ತು ಉಂಡ ದೊಡ್ಡಪ್ಪ ಕೈ ತಡೆದು, "ಸಾರಿಗೆ..." ಎಂದರು.

ದೊಡ್ಡಮ್ಮನ ತುತ್ತು ತಟ್ಟೆಯಲ್ಲಿಯೇ ನಿಂತಿತು. ಒಳಗೆ ಫೋನು ರಿಂಗಾಗತೊಡಗಿತು. ನಾವಿಬ್ಬರೂ ಏಳಲಿಲ್ಲ. ಅದು ಪೂರ್ತಿ ರಿಂಗಾಗಿ ನಿಂತಿತು.

"ಉಪ್ಪು..." ಎಂದರು ದೊಡ್ಡಪ್ಪ. ಕಣ್ಣು ಮುಚ್ಚಿದರು. ಗೇಟಿನ ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿ, ಹಾರ್ನ್ ಹಾಕಿ, ಹೊರಟುಹೋದರು. ದೊಡ್ಡಮ್ಮ ತುಟಿ ಕಚ್ಚಿಕೊಂಡು, ಕಣ್ಣು ಮಿಟುಕಿಸದೆ ಅವರ ಬಾಯಿಯನ್ನೇ ನೋಡುತ್ತಿದ್ದರು.

"ಕಡಿಮೆ... ಆಯಿತು... ಮಾರಾಯ್ತಿ."

ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು. ಒಗ್ಗರಣೆಗೆ ಮೊದಲು ರುಚಿ ನೋಡಿದವಳು ನಾನು. ಮದುವೆಯಾದಂದಿನಿಂದ ತನ್ನ ಅಡುಗೆಯ ಬಗ್ಗೆ ಯಾರಿಂದಲೂ ಒಂದು ಮಾತು ಕೇಳಿಸಿಕೊಳ್ಳದ ಸುಭಾಷಿಣಿ ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು.

"ಹೌದು, ನನ್ನದೇ ತಪ್ಪು," ಎಂದರು. "ತುಂಬ ಕಡಿಮೆ ಆಯಿತು."

ಎದ್ದುಹೋಗಿ ಉಪ್ಪು ತಂದು ಮೂವರ ತಟ್ಟೆಗೂ ಧಾರಾಳವಾಗಿ ಹಾಕಿದರು. ನಾವು ಆ ಸಾರನ್ನು ಪುನಃ ಪುನಃ ಬಡಿಸಿಕೊಂಡು ಉಂಡೆವು.